ದೂರ ನಿಂತವಳೇ ವಿಜಿ

ನಾನು ಭೂಗೋಳಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇನೆ, ಆದರೆ ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುತ್ತೇನೆ. ಕುಷ್ಟಗಿಯಿಂದ ಕೊಪ್ಪಳಕ್ಕೆ ದಿನಾ ಹೋಗಿ ಬರುವಾಗ ಕಿಟಕಿ ಪಕ್ಕದ ಸೀಟು, ಕೈಯಲ್ಲೊಂದು ನಿಂಬೆಹಣ್ಣು, ಮುಚ್ಚಿದ ಕಣ್ಣು, ಇಷ್ಟಿದ್ದರೆ ಹೇಗೋ ಬದುಕಿಕೊಳ್ಳುತ್ತೇನೆ. ಭೂಮಿಯನ್ನು ಓದಲು ಹೊರಟ ಸುರೇಖಾಗೆ ಭೂಮಿಯ ಮೇಲೆ ಓಡಾಡಲು ಬರುವುದಿಲ್ಲ ಎಂದು ಪ್ರಭುರಾಜ ಸರ್ ಕ್ಲಾಸಿನಲ್ಲೇ ನಗೆಯಾಡುತ್ತಾರೆ. ನಗಲಿ. ಅವರೇನು ಹೊಟ್ಟೆ ಹಿಡಿದುಕೊಂಡು ಬಸ್ಸಿನಲ್ಲಿ ಕೂಡುವವರಲ್ಲ.

ಭೂಗೋಳ ಓದುವವರ ಪಾಡು ಓದಿದವರಿಗೇ ಗೊತ್ತು. ಇತಿಹಾಸ ಓದುವವರನ್ನು ಯಾರೂ ಏನೂ ಕೇಳುವುದಿಲ್ಲ. ನಮ್ಮನ್ನು ಮಾತ್ರ ಓಣಿಯವರೆಲ್ಲ ನಿಲ್ಲಿಸಿ ಕೇಳುತ್ತಾರೆ: ನಾಳೆ ಮಳೆ ಬರುತ್ತದೋ ಇಲ್ಲವೋ, ಬೋರು ಎಲ್ಲಿ ಹಾಕಿಸಿದರೆ ನೀರು ಬೀಳುತ್ತದೆ, ಭೂಕಂಪ ಯಾವಾಗ. ಪಕ್ಕದ ಮನೆಯ ಹುಲಗಮ್ಮಜ್ಜಿ ಸಂಡಿಗೆ ಒಣಹಾಕುವ ಮುಂಚೆ ನನ್ನನ್ನು ಕೇಳಿಯೇ ಹಾಕುತ್ತಾಳೆ. ನನಗೆ ಸಿಟ್ಟು ಬಂದ ದಿನ ಮಳೆ ಎನ್ನುತ್ತೇನೆ, ಸಿಟ್ಟಿಲ್ಲದ ದಿನ ಬಿಸಿಲು ಎನ್ನುತ್ತೇನೆ. ಕುಷ್ಟಗಿಯಲ್ಲಿ ಬಿಸಿಲು ಎಂದರೆ ಸಾಮಾನ್ಯವಾಗಿ ತಪ್ಪಾಗುವುದಿಲ್ಲ.

ಈ ಸಲ ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮ ವಿಭಾಗದಿಂದ ಕಾರವಾರಕ್ಕೆ ಪ್ರವಾಸ ಹೊರಟಿತು. ಭೂಗೋಳದಲ್ಲಿ ಪ್ರವಾಸವೂ ಪಾಠವೇ, ಅದಕ್ಕೂ ಅಂಕ ಇರುತ್ತದೆ. ಹೋಗಲು ಆಗದವರು ಅದೇ ದಿನಗಳಲ್ಲಿ ಕುಷ್ಟಗಿಯ ಹೊರಗೆ ಒಂದಿಷ್ಟು ಜಾಗದ ಏರುತಗ್ಗು ಅಳೆದು ನಕ್ಷೆ ಮಾಡಿ ತರಬೇಕು ಎಂದು ಸರ್ ಹೇಳಿದರು. ಹಾಗೆ ಉಳಿದವರು ಮೂವರು. ನಾನು, ಹೊಟ್ಟೆಯ ದೆಸೆಯಿಂದ. ಗಂಗಾವತಿಯ ಯೂಸುಫ, ಮನೆಯಲ್ಲಿ ಅಕ್ಕನ ಮದುವೆ ಹತ್ತಿರ ಬಂದಿದ್ದರಿಂದ. ಯಲಬುರ್ಗಾದ ದುರಗೇಶ, ಹೋದ ವರ್ಷದ ಪ್ರವಾಸದಲ್ಲಿ ಚಹಾ ಕುಡಿಯಲು ಇಳಿದವನು ಬಸ್ಸು ತಪ್ಪಿಸಿಕೊಂಡು ಎಲ್ಲರನ್ನೂ ಹುಡುಕಾಡಿಸಿದ್ದರಿಂದ. "ಈ ಸಲ ನೀ ಎಲ್ಲಿ ಅದಿ ಅನ್ನೂದು ನನಗ ಗೊತ್ತಿರಬೇಕು" ಎಂದು ಸರ್ ಅವನನ್ನು ನಮ್ಮ ಜೊತೆ ಕಟ್ಟಿಹಾಕಿದರು.

ಇನ್ನು ವಿಜಯಲಕ್ಷ್ಮಿ. ಭಾಗ್ಯನಗರದವಳು, ನಮ್ಮ ಕ್ಲಾಸಿನ ಜಾಣೆ. ಅವರಪ್ಪ ಗವಿಸಿದ್ದಪ್ಪನವರದು ಸೀರೆ ಅಂಗಡಿ. ಅಲೆ ಬಡಿದು ಬಂಡೆಯಲ್ಲಿ ಕಮಾನು ಆಗುವುದು, ಕಮಾನು ಬಿದ್ದು ಕಂಬವೊಂದೇ ಉಳಿಯುವುದು, ಮರಳು ನೀರಿನೊಳಗೆ ನಾಲಗೆ ಚಾಚುವುದು, ಇವನ್ನೆಲ್ಲ ಅವಳು ಬೋರ್ಡಿನ ಮೇಲೆ ಬರೆದರೆ ಅಳಿಸಲು ಮನಸ್ಸು ಬರುವುದಿಲ್ಲ. ಆದರೆ ಅವಳು ಕಣ್ಣಾರೆ ಕಂಡ ನೀರೆಂದರೆ ಡ್ಯಾಮಿನ ನೀರು, ಅದು ಬಿಟ್ಟರೆ ಸಾಣಾಪುರದ ಕೆರೆ. ಎರಡಕ್ಕೂ ಆಚೆ ದಂಡೆ ಇದೆ. "ಆಚಿ ದಂಡಿ ಕಾಣದ ನೀರು ಒಮ್ಮೆರ ನೋಡಬೇಕಲೇ ಸುರೀ" ಎಂದು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೋ.

ಗವಿಸಿದ್ದಪ್ಪನವರು ಕೆಟ್ಟವರಲ್ಲ. ಮಗಳು ಎಷ್ಟು ಓದುತ್ತೇನೆ ಎಂದರೂ ಓದಿಸುತ್ತಾರೆ, ಪುಸ್ತಕ ಕೇಳಿದರೆ ಎರಡು ತರುತ್ತಾರೆ. ಆದರೆ ಅವರದೊಂದು ಕಾನೂನು: "ಓದು ಹಗಲಿಂದು, ನಿದ್ದಿ ಮನೀದು." ಬೇರೆ ಊರಿನಲ್ಲಿ ರಾತ್ರಿ ಉಳಿಯುವ ಮಾತೇ ಇಲ್ಲ. ಹೇಳದೆ ಹೋಗಿದ್ದು ಗೊತ್ತಾದರೆ ಕಾಲೇಜು ಅಂದಿಗೇ ಬಂದ್. ಗದಗಿನ ಕಡೆಯ ಒಂದು ಸಂಬಂಧ ಆಗಲೇ ಬಾಗಿಲಲ್ಲಿ ಬಂದು ನಿಂತಿತ್ತು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾವು ಹೇಳಿದ್ದು ಒಂದೇ ಸುಳ್ಳು, ಅದೂ ಮದುವೆ ತಪ್ಪಿಸುವುದಕ್ಕೆ. ವಿಜಿ ಮನೆಯಲ್ಲಿ ಕಾರವಾರದ ಬದಲು ಕುಷ್ಟಗಿ ಎಂದಳು, ಪ್ರವಾಸದ ಬದಲು ಸರ್ವೆ ಕ್ಯಾಂಪ್ ಎಂದಳು. ಉಪಾಯ ನನ್ನದೇ. ಗವಿಸಿದ್ದಪ್ಪನವರು ಎರಡನೇ ಮಾತಿಲ್ಲದೆ ಒಪ್ಪಿದರು. ಯಾಕೆ ಒಪ್ಪಿದರು ಎಂದು ವಿಜಿ ನನಗೆ ಹೇಳಿದ್ದು ಬಸ್ಸು ಹತ್ತಿದ ಮೇಲೆ, ಫೋನಿನಲ್ಲಿ.

"ಕುಷ್ಟಗ್ಯಾಗ ನಮ್ಮತ್ತಿ ಅದಾಳಲೇ. ಅಪ್ಪನ ಅಕ್ಕ, ವಿರೂಪಾಕ್ಷಮ್ಮ. ಆಕಿ ಇದ್ದ ಊರಂದ್ರ ಮನಿ ಇದ್ದಂಗ ಅಂದ ಅಪ್ಪ. ನಾಳೆ ನನಗ ಬುತ್ತಿ ತರ್ತಾಳಂತ."

"ಇದನ್ನ ಮೊದಲ ಹೇಳಾಕ ಏನಾಗಿತ್ತ ನಿನಗ?" ಎಂದು ಕಿರುಚಿದೆ.

"ಹೇಳಿದ್ರ ನೀ ಬ್ಯಾಡ ಅಂತಿದ್ದಿ" ಎಂದಳು. ಜಾಣೆ ಎಂದು ಸುಮ್ಮನೆ ಹೇಳಿದೆನೇ?

ಅತ್ತೆಯ ಕಣ್ಣು ತಪ್ಪಿಸುವ ಉಪಾಯ ಹುಡುಕಿದವನು ದುರಗೇಶ, ಅದರಲ್ಲಿ ಸಿಕ್ಕಿಬಿದ್ದವನೂ ಅವನೇ. ಲೆವೆಲಿಂಗ್ ಎಂದರೆ ಒಬ್ಬರು ಮುಕ್ಕಾಲಿಯ ಮೇಲೆ ದುರ್ಬೀನಿನಂಥ ಯಂತ್ರ ಇಟ್ಟು ನೋಡುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ, ಮೂರನೆಯವರು ಎರಡು ಹೊಲದಾಚೆ ಉದ್ದನೆಯ ಅಳತೆಗೋಲು ಹಿಡಿದು ನಿಲ್ಲುತ್ತಾರೆ. ಅಷ್ಟು ದೂರಕ್ಕೆ ಗಂಡೋ ಹೆಣ್ಣೋ ಯಾರಿಗೂ ಗೊತ್ತಾಗುವುದಿಲ್ಲ. "ದೂರ ನಿಂತಾಕಿನ ವಿಜಿ ಅಂದ್ರಾತು" ಎಂದ ದುರಗೇಶ. ಹಾಗೆಂದ ಬಾಯಿ ಮುಚ್ಚುವ ಮೊದಲೇ ನಾನು ನನ್ನ ಹಳದಿ ವೇಲ್ ತೆಗೆದು ಅವನ ತಲೆಗೆ ಸುತ್ತಿದೆ. ಸ್ಕೂಟಿ ಓಡಿಸುವ ಹುಡುಗಿಯರು ಬಿಸಿಲಿಗೆ ಸುತ್ತಿಕೊಳ್ಳುವ ಹಾಗೆ, ಕಣ್ಣೆರಡು ಬಿಟ್ಟು.

"ಮೀಸಿ ಮಾತ್ರ ತಗಿಯಂಗಿಲ್ಲ" ಎಂದ ಒಳಗಿನಿಂದ. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದಾಗಿನಿಂದ ಅವನು ಬೆಳೆಸಿದ್ದ ಮೀಸೆ. ಅರ್ಜಿ ಏನಾಯಿತೋ, ಮೀಸೆ ಮಾತ್ರ ಸೊಂಪಾಗಿ ಬಂದಿತ್ತು. ಗಳಿಗೆಗೊಮ್ಮೆ ಅದನ್ನು ತಿರುವದಿದ್ದರೆ ಅವನಿಗೆ ಉಂಡ ಅನ್ನ ಕರಗುತ್ತಿರಲಿಲ್ಲ.

ಯೂಸುಫನಿಗೆ ಸುಳ್ಳು ಹೇಳಲು ಬರುವುದಿಲ್ಲ. ಪ್ರಯತ್ನಪಟ್ಟರೆ ಕಿವಿ ಕೆಂಪಾಗುತ್ತವೆ. ಹಾಗಾಗಿ ಅವನಿಗೆ ಬಾಯಿ ಬಿಡಬೇಡ ಎಂದು ಹೇಳಿ ಬರೆಯಲು ಕೂರಿಸಿದೆವು.

ಶನಿವಾರ ಬೆಳಿಗ್ಗೆ ದಾಳಿಂಬೆ ತೋಟದ ಪಕ್ಕದ ಬಯಲಿನಲ್ಲಿ ಯಂತ್ರ ಹೂಡಿದೆವು. ಬಿಸಿಲು ಏರುವ ಹೊತ್ತಿಗೆ ಆಟೋದಿಂದ ಒಬ್ಬ ದಪ್ಪ ಹೆಂಗಸು ಇಳಿದು, ಬುತ್ತಿಗಂಟು ಸೊಂಟಕ್ಕಿಟ್ಟುಕೊಂಡು ಬಂದರು.

"ಎಲ್ಲಿ ನಮ್ಮ ವಿಜಿ?"

"ಅಗೋ ಅತ್ತೀ, ಅಲ್ಲಿ ಕೋಲು ಹಿಡಕೊಂಡು ನಿಂತಾಳಲ್ರಿ, ಆಕಿನ."

"ಅಷ್ಟು ದೂರ ಯಾಕ ನಿಂದ್ರಿಸೀರಿ ನನ್ನ ಕೂಸಿನ್ನ?"

"ಸರ್ವೇದಾಗ ಒಬ್ರು ದೂರ ನಿಂದ್ರಾಕ ಬೇಕ್ರಿ. ಹತ್ರ ನಿಂತ್ರ ಅಳಿಯೂದು ಏನೈತ್ರಿ?"

ವಿರೂಪಾಕ್ಷಮ್ಮ ಬಾಯಿಗೆ ಕೈ ಅಡ್ಡ ಹಿಡಿದು, "ವಿಜೀ, ನಾಷ್ಟಾ ಮಾಡೀ ಏನ?" ಎಂದು ಕೂಗಿದರು. ತೋಟದ ಗಿಳಿಗಳೆಲ್ಲ ಎದ್ದು ಹೋದವು. ದೂರದಲ್ಲಿ ದುರಗೇಶ ನಾಚಿಕೆಯಿಂದ ಕೈ ಬೀಸಿದ. ಅಷ್ಟು ಚೆನ್ನಾಗಿ ವಿಜಿ ಕೂಡ ನಾಚಿಕೊಂಡಿದ್ದನ್ನು ನಾನು ನೋಡಿಲ್ಲ.

"ನಾನ ಹೋಗಿ ಉಣಿಸಿ ಬರ್ತೀನಿ ತಡಿ."

"ಬ್ಯಾಡ್ರೀ ಅತ್ತೀ! ಕೋಲಿನ ಹತ್ರ ಯಾರರ ನಡದ್ರ ನೆಲ ಅಲ್ಲಾಡ್ತತಿ. ಮುಂಜಾನಿಂದ ಅಳದದ್ದೆಲ್ಲಾ ಹಾಳಾಗಿ ಹೋಗ್ತತ್ರಿ."

ವಿರೂಪಾಕ್ಷಮ್ಮ ಕಾಲ ಕೆಳಗಿನ ನೆಲವನ್ನೊಮ್ಮೆ ನೋಡಿದರು. ಎತ್ತಿದ ಹೆಜ್ಜೆಯನ್ನು ಮೆಲ್ಲಗೆ, ಮೊಟ್ಟೆಯ ಮೇಲಿಟ್ಟಂತೆ ಕೆಳಗಿಟ್ಟರು. ನನಗೆ ನಗು ತಡೆಯಲಾಗದೆ ಯಂತ್ರದ ಹಿಂದೆ ಮುಖ ಮುಚ್ಚಿಕೊಂಡೆ.

"ಹಂಗಾರ ರಾತ್ರಿ ಮನಿಗೆ ಕಳಸು."

"ರಾತ್ರಿ ಮೇಡಂ ಜೋಡಿ ಚುಕ್ಕಿ ನೋಡಿ ಅಳಿಯೂ ಕೆಲಸ ಐತ್ರಿ."

"ಚುಕ್ಕಿ ನೋಡಾಕ ಕಾಲೇಜಿಗೆ ಫೀ ಕಟ್ಟಬೇಕೇನ? ನಮ್ಮ ಮಾಳಗಿ ಮ್ಯಾಲ ಅಂಗಾತ ಮಲಗಿದ್ರ ಪುಕ್ಕಟ ಕಾಣ್ತಾವು" ಎಂದು ಗೊಣಗುತ್ತ ಗಂಟು ಬಿಚ್ಚಿಟ್ಟು, ಹೆಜ್ಜೆ ಸಪ್ಪಳವಾಗದ ಹಾಗೆ ಹೋದರು. ಖಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ದುರಗೇಶ ಓಡಿ ಬಂದು ಹೋಳಿಗೆಗೆಲ್ಲ ಕೈ ಹಾಕಿದ. "ಈಗ ನಾನ ವಿಜಿ. ಇದು ನಮ್ಮತ್ತಿ ನನಗ ತಂದದ್ದು" ಎಂದ. ಜಗಳ ಮಾಡಿ ಒಂದು ಕಸಿದುಕೊಂಡೆ.

ಸಂಜೆ ವಿಜಿ ಫೋನು ಮಾಡಿದಳು. ಹಿಂದೆ ಧೋ ಎನ್ನುವ ಸಪ್ಪಳ. "ಸುರೀ, ದಂಡಿನ ಇಲ್ಲಲೇ ಇದಕ್ಕ!" ಎಂದವಳು ಅಳತೊಡಗಿದಳು. ಆಮೇಲೆ ಮೂಗು ಎಳೆದುಕೊಂಡು, ಅಪ್ಪ ಫೋನು ಮಾಡಿದ್ದರು, ಇದೇನು ಸಪ್ಪಳ ಎಂದು ಕೇಳಿದರು, ಕುಷ್ಟಗಿಯ ಗಾಳಿಯಂತ್ರದ್ದು ಎಂದೆ ಎಂದು ಹೇಳಿದಳು. ನಮ್ಮ ಕಡೆ ಗುಡ್ಡದ ಮೇಲೆಲ್ಲ ದೊಡ್ಡ ರೆಕ್ಕೆಯ ಗಾಳಿಯಂತ್ರಗಳು ತಿರುಗುತ್ತಿರುವುದು ನಿಜ. ಆದರೆ ಅವು ದಡಕ್ಕೆ ಬಂದು ಅಪ್ಪಳಿಸಿ ಹಿಂದೆ ಹೋಗುವುದಿಲ್ಲ.

ಭಾನುವಾರ ವಿರೂಪಾಕ್ಷಮ್ಮ ಮತ್ತೆ ಬಂದರು, ಈ ಸಲ ದೊಡ್ಡ ಟಿಫಿನ್ ಕ್ಯಾರಿಯರ್ ಹಿಡಿದು. ಬಂದವರು ಉಸ್ಸೆಂದು ಕೂಡದೆ ನೇರವಾಗಿ ಯಂತ್ರದ ಹತ್ತಿರ ನಿಂತರು.

"ಇದರಾಗ ನೋಡಿದ್ರ ಆಕಿ ಹತ್ರ ಕಾಣ್ತಾಳೇನ? ನೆಲ ಅಂತೂ ತುಳಿಯಂಗಿಲ್ಲ, ಕಣ್ಣಿಲೆರ ನೋಡ್ತೀನಿ."

ನಾನು ಬೇಡ ಎನ್ನಲಿಲ್ಲ. ನಮ್ಮ ವಿಭಾಗದ ಯಂತ್ರ ನಮ್ಮ ಸರ್‌ಗಿಂತ ಹಿರಿಯದು. ಹೊಸ ಯಂತ್ರಗಳಲ್ಲಿ ಮನುಷ್ಯರು ನೆಟ್ಟಗೆ ಕಾಣುತ್ತಾರಂತೆ. ನಮ್ಮದರಲ್ಲಿ ಎಲ್ಲವೂ ತಲೆಕೆಳಗು, ಆಕಾಶ ಕೆಳಗೆ, ಹೊಲ ಮೇಲೆ. ಮೊದಲನೇ ವರ್ಷ ನಮಗೇ ಅದನ್ನು ನೋಡಿ ತಲೆ ಸುತ್ತುತ್ತಿತ್ತು. ವೇಲ್ ಸುತ್ತಿಕೊಂಡು ತಲೆಕೆಳಗಾಗಿ ನಿಂತವಳನ್ನು ಯಾವ ಅತ್ತೆ ಗುರುತು ಹಿಡಿಯುತ್ತಾಳೆ ಎಂದು ನನಗೆ ಧೈರ್ಯ. ಎರಡು ವರ್ಷ ಈ ಯಂತ್ರ ಕಲಿತವಳು ನಾನು. ಅದು ತಲೆಕೆಳಗು ಮಾಡುತ್ತದೆ ಎಂಬುದನ್ನು ನೆನಪಿಟ್ಟೆ, ಹತ್ತಿರ ತರುತ್ತದೆ ಎಂಬುದನ್ನು ಮರೆತೆ.

"ಅಯ್ಯ ಶಿವನ! ತಲಿಕೆಳಗ ನಿಂತಾಳಲ್ಲೋ!"

"ಎಲ್ಲಾರೂ ಹಂಗ ಕಾಣ್ತಾರ್ರಿ ಅತ್ತೀ. ಯಂತ್ರದ ಗುಣ ಅದು."

"ಹಂಗೇನ?" ಎಂದವರು ಸೆರಗು ಸೊಂಟಕ್ಕೆ ಸಿಗಿಸಿ ಮತ್ತೆ ಬಾಗಿದರು. ಆ ಹೊತ್ತಿಗೇ ದೂರದಲ್ಲಿ ದುರಗೇಶನಿಗೆ ಮೀಸೆ ನೆನಪಾಯಿತು. ನಾವು ಯಾರೂ ಅವನತ್ತ ನೋಡುತ್ತಿಲ್ಲ ಅಂದುಕೊಂಡು ವೇಲ್ ಕೆಳಗೆ ಸರಿಸಿದ. ಬರಿಗಣ್ಣಿಗೆ ನನಗೆ ಕಂಡದ್ದು ಹಳದಿ ಚುಕ್ಕೆಯೊಂದು ಸ್ವಲ್ಪ ಅಲ್ಲಾಡಿದ್ದು ಮಾತ್ರ.

"ಕಣ್ಣು ಕೆಳಗ ಅದಾವು" ಎಂದು ವಿರೂಪಾಕ್ಷಮ್ಮ ಮೆಲ್ಲಗೆ ಓದುವವರ ಹಾಗೆ ಹೇಳತೊಡಗಿದರು. "ಕಣ್ಣಿನ ಮ್ಯಾಲ ಮೂಗು. ಸರಿ ಐತಿ. ಮೂಗಿನ ಮ್ಯಾಲ..." ಅಲ್ಲಿಗೆ ನಿಂತರು. ಒಂದು ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. "ಮೂಗಿನ ಮ್ಯಾಲ ಮೀಸಿ ಐತಿ. ತಿರುವಾಕ ಹತ್ಯಾಳ."

ವಿರೂಪಾಕ್ಷಮ್ಮ ಸೊಂಟ ನೆಟ್ಟಗೆ ಮಾಡಿ ನನ್ನ ರಟ್ಟೆ ಹಿಡಿದರು.

"ಖರೆ ಹೇಳು. ನಮ್ಮ ಹುಡುಗಿ ಯಾರ ಜೋಡಿ ಹೋಗ್ಯಾಳ?"

ನಾನು ಬಾಯಿ ತೆರೆಯುವುದರೊಳಗೆ ಯೂಸುಫ ಎದ್ದು ನಿಂತು, "ಪ್ರಭುರಾಜ ಸರ್ ಜೋಡಿ ಹೋಗ್ಯಾಳ್ರಿ" ಎಂದ. ಸತ್ಯ ಹೇಳುವವರನ್ನು ಜೊತೆಗಿಟ್ಟುಕೊಳ್ಳಬಾರದು, ಅದೂ ಅರ್ಧ ಸತ್ಯ ಹೇಳುವವರನ್ನು. ವಿರೂಪಾಕ್ಷಮ್ಮ ಅಲ್ಲೇ ಕುಸಿದು ಕೂತರು.

"ಅತ್ತೀ, ಹಂಗಲ್ರಿ! ಇಡೀ ಕ್ಲಾಸ್ ಹೋಗೈತ್ರಿ, ಮೇಡಂನೂ ಜೋಡಿ ಅದಾರ. ಕಾರವಾರಕ್ಕ ಹೋಗ್ಯಾರ. ಸಮುದ್ರ ನೋಡಾಕ, ಅಷ್ಟರಿ."

"ಸಮುದ್ರ ನೋಡಾಕ?"

"ಹೂಂ ರಿ."

"ಸಮುದ್ರ ನೋಡಾಕ ಇಷ್ಟು ಸುಳ್ಳು ಹೇಳಬೇಕೇನ?"

"ಖರೆ ಹೇಳಿದ್ರ ಕಾಕಾರು ಕಳಸ್ತಿದ್ರೇನ್ರಿ?" ಎಂದೆ. ನನಗೂ ಸಿಟ್ಟು ಬಂದಿತ್ತು, ಭಯದ ಜೊತೆಗೇ. "ಸಮುದ್ರದ ಬಗ್ಗೆ ನಮ್ಮೆಲ್ಲಾರ್ಕಿಂತ ಛಲೋ ಬರಿಯಾಕಿ ಆಕಿ. ಆಕೀನ ನೋಡಿಲ್ಲಂದ್ರ ಹೆಂಗ್ರಿ?"

ವಿರೂಪಾಕ್ಷಮ್ಮ ಉತ್ತರ ಕೊಡುವ ಮೊದಲು ಅವರ ಫೋನು ಬಡಿದುಕೊಂಡಿತು. ತಮ್ಮ ಗವಿಸಿದ್ದಪ್ಪನದು. ನಿನ್ನೆ ಫೋನಿನಲ್ಲಿ ಆ ಗಾಳಿಯಂತ್ರದ ಸಪ್ಪಳ ಕೇಳಿದಾಗಿನಿಂದ ಮನಸ್ಸು ಸರಿಯಿಲ್ಲ, ಮಗಳನ್ನು ನೋಡಿಕೊಂಡು ಹೋಗೋಣವೆಂದು ಬೈಕ್ ಹತ್ತಿ ಬಂದಿದ್ದೇನೆ, ಕುಷ್ಟಗಿ ಸರ್ಕಲ್‌ನಲ್ಲಿದ್ದೇನೆ, ನೀವು ಎಲ್ಲಿದ್ದೀರಿ? ಅವರ ದನಿ ನಮಗೂ ಕೇಳುತ್ತಿತ್ತು. ವಿರೂಪಾಕ್ಷಮ್ಮ ನನ್ನ ಮುಖವನ್ನೇ ನೋಡುತ್ತ, "ದಾಳಿಂಬ್ರಿ ತ್ವಾಟದ ಬಾಜೂಕ ಬಾ" ಎಂದು ಹೇಳಿ ಫೋನು ಇಟ್ಟರು.

ನನಗೆ ಅಳು ಬಂತು. ವಿಜಿಯ ಓದು ಮುಗಿಯಿತು, ಮುಗಿಸಿದವಳು ನಾನು. ವಿರೂಪಾಕ್ಷಮ್ಮ ಎದ್ದರು, ಸೀರೆಗೆ ಹತ್ತಿದ ಮಣ್ಣು ಜಾಡಿಸಿದರು, ಕ್ಯಾರಿಯರ್ ಎತ್ತಿಕೊಂಡು ದುರಗೇಶ ನಿಂತ ಕಡೆಗೆ ದಬದಬ ನಡೆದರು.

"ಅತ್ತೀ, ಎಲ್ಲಿಗ್ರಿ?"

"ನೆಲ ಅಲ್ಲಾಡಿಸಾಕ" ಎಂದರು ಹಿಂದಿರುಗಿ ನೋಡದೆ.

ಅವನ ಕಿವಿ ಹಿಡಿದು ತಮ್ಮನ ಮುಂದೆ ತಂದು ನಿಲ್ಲಿಸಲಿಕ್ಕೇ ಹೋದರು ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ಅಷ್ಟರಲ್ಲಿ ಬೈಕು ಬಂತು. ಗವಿಸಿದ್ದಪ್ಪನವರು ಬಿಳಿ ಅಂಗಿಯ ಮೇಲೆ ಕೆಂಪು ಧೂಳು ಹೊತ್ತು ಇಳಿದರು. ಕೈಯಲ್ಲಿ ಚಕ್ಕುಲಿಯ ಚೀಲ.

"ಎಲ್ಲಿ ಅದಾಳವ್ವಾ ಮಗಳು?"

ನನ್ನ ಕೈ ತಾನಾಗಿ ಮೇಲೆದ್ದಿತು. "ಅಗೋರಿ ಕಾಕಾರ. ಅಲ್ಲಿ ನಿಂತಾಳ."

ಅವರು ಆ ಕಡೆ ಹೆಜ್ಜೆ ಇಟ್ಟಿದ್ದೇ ತಡ, ಫೋನು ಬಂತು. ಅಕ್ಕನದೇ. ಫೋನೇ ಬೇಡ, ಬಯಲಿನ ಆಚೆಯಿಂದಲೂ ಕೇಳುವಂಥ ಗಂಟಲು. "ಗವಿಸಿದ್ದಾ, ಅಲ್ಲೇ ನಿಂದ್ರು! ಕೋಲಿನ ಹತ್ರ ಬಂದ್ರ ನೆಲ ಅಲ್ಲಾಡಿ ಹುಡುಗ್ರು ಅಳದದ್ದೆಲ್ಲಾ ಹಾಳಾಗ್ತತಿ. ನಾ ಒಬ್ಬಾಕಿ ಬಂದು ಹಾಳ ಮಾಡಿದ್ದು ಸಾಕು. ಬೇಕಾರ ಆ ಯಂತ್ರದಾಗ ನೋಡು, ಭೇಷ್ ಕಾಣ್ತತಿ."

ಗವಿಸಿದ್ದಪ್ಪನವರು ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟರು. ಅಕ್ಕ ಇಟ್ಟ ಹಾಗೆಯೇ. ಯೂಸುಫನ ಕಿವಿಗಳು ದಾಳಿಂಬೆ ಹೂವಿನಂತಾಗಿದ್ದವು.

ಅವರು ಯಂತ್ರಕ್ಕೆ ಕಣ್ಣು ಹಚ್ಚಿದರು. ತಲೆಕೆಳಗು ಕಾಣುವುದನ್ನು ನಾನು ವಿವರಿಸಿದೆ, ಅವರು ಹೂಂ ಎಂದರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಅವರು ಏನು ನೋಡುತ್ತಿದ್ದಾರೆ ಎಂದು ತಿಳಿಯದೆ ನಾನೂ ಕಣ್ಣು ಕಿರಿದು ಮಾಡಿ ದೂರಕ್ಕೆ ನೋಡಿದೆ. ಹಸಿರು ಸೀರೆ, ಹಳದಿ ವೇಲ್, ಎರಡು ಒಂದರ ಪಕ್ಕ ಒಂದು. ವಿರೂಪಾಕ್ಷಮ್ಮ ತಮ್ಮ ಸೆರಗನ್ನು ದುರಗೇಶನ ತಲೆಯ ಮೇಲಿನಿಂದ ಎಳೆದು ನೆರಳು ಮಾಡಿ, ಆ ನೆರಳಿನೊಳಗೆ ತುತ್ತು ಇಡುತ್ತಿದ್ದರು. ಅವನ ಒಂದು ಕೈ ಕೋಲನ್ನು ಬಿಟ್ಟಿರಲಿಲ್ಲ.

ಗವಿಸಿದ್ದಪ್ಪನವರು ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿದ್ದವು.

"ಎರಡ ದಿನಕ್ಕ ಎಷ್ಟು ಬಡವಾಗ್ಯಾಳ" ಎಂದರು. "ಉಣ್ಣೂಮುಂದೂ ಕೋಲು ಬಿಡವಲ್ಲಳು."

ನಾನು ತುಟಿ ಕಚ್ಚಿಕೊಂಡೆ. ದುರಗೇಶ ಹುಟ್ಟಾ ಕಡ್ಡಿ.

"ಉಳಿದ ಹುಡುಗ್ರು ಎಲ್ಲಿ ಅದಾರ?"

ಯೂಸುಫ ನನಗಿಂತ ಮೊದಲು ಹೇಳಿಬಿಟ್ಟ: "ಸಮುದ್ರ ನೋಡಾಕ ಹೋಗ್ಯಾರ್ರಿ, ಕಾರವಾರಕ್ಕ." ಈ ಸಲ ಅವನ ಕಿವಿ ಕೆಂಪಾಗಲಿಲ್ಲ.

ಗವಿಸಿದ್ದಪ್ಪನವರು ಚೀಲವನ್ನು ನನ್ನ ಕೈಗಿತ್ತು ಬೈಕಿನ ಹತ್ತಿರ ಹೋದರು. ಕಿಕ್ ಹೊಡೆಯಲು ಹೋದವರು ನಿಂತು, ನನ್ನತ್ತ ನೋಡದೆ, "ಆಕೀನೂ ಕೇಳಿದ್ಲವ್ವಾ. ಒಂದ ಸಲ ಕೇಳಿ ಸುಮ್ಮನಾದ್ಲು, ಹಟ ಮಾಡಲಿಲ್ಲ. ಎಲ್ಲಾರೂ ಸಮುದ್ರದ ದಂಡಿಗಿ ಅದಾರ, ನನ್ನ ಮಗಳು ಬಿಸಿಲಾಗ ಒಬ್ಬಾಕಿನ ನಿಂತಾಳ. ಕಳಸಬೇಕಿತ್ತು ನಾನು" ಎಂದರು. ಕಿಕ್ ಹೊಡೆದು, "ಮುಂದಿನ ವರ್ಷ ನಾನ ಕರಕೊಂಡು ಹೋಗ್ತೀನಿ. ಆಕಿಗೆ ಈಗ ಹೇಳಬ್ಯಾಡ" ಎಂದರು.

ಅಲ್ಲಿಯತನಕ ನನಗೆ ಇದೆಲ್ಲ ಆಟವಾಗಿತ್ತು. ಅವರ ಬೈಕಿನ ಧೂಳು ಇಳಿಯುವವರೆಗೆ ನಾನು ಚಕ್ಕುಲಿ ಚೀಲ ಹಿಡಿದುಕೊಂಡು ನಿಂತೆ. ಅವರನ್ನು ಕರೆದು ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಧೈರ್ಯ ಬರಲಿಲ್ಲ.

ವಿರೂಪಾಕ್ಷಮ್ಮ ದುರಗೇಶನನ್ನು ಮುಂದೆ ಬಿಟ್ಟುಕೊಂಡು ವಾಪಸ್ಸು ಬಂದರು. ಅವನ ಒಂದು ಕಿವಿ ಮಾತ್ರ ಕೆಂಪಗಿತ್ತು. ಅದು ಅಲ್ಲೇ, ತುತ್ತಿಗೂ ತುತ್ತಿಗೂ ನಡುವೆ ಹಿಂಡಿಸಿಕೊಂಡದ್ದಂತೆ. ಗವಿಸಿದ್ದಪ್ಪನವರು ಹೇಳಿದ್ದನ್ನು ನಾನು ಅವರಿಗೆ ಒಂದಕ್ಷರ ಬಿಡದೆ ಹೇಳಿದೆ. ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡರು.

"ಫೋನ್ ಹಚ್ಚು ಆ ಸುಳ್ಳಬುರುಕಿಗೆ. ಮುಖ ಕಾಣೂ ಫೋನ್."

ವಿಜಿ ಫೋನು ಎತ್ತಿದವಳು ಅತ್ತೆಯನ್ನು ಕಂಡು ಬಿಳಿಚಿಕೊಂಡಳು. ಅವಳ ಹಿಂದೆ ಒಂದು ಅಲೆ ಎದ್ದು, ಬಾಗಿ, ಬಿದ್ದಿತು. ವಿರೂಪಾಕ್ಷಮ್ಮ ಬೈಯಲೆಂದು ತೆರೆದ ಬಾಯಿ ಹಾಗೇ ಉಳಿಯಿತು.

"ನೀ ಬಾಜೂಕ ಸರಿ" ಎಂದರು ಕೊನೆಗೆ. "ನಿನ್ನ ಮುಖ ದಿನಾ ನೋಡ್ತೀನಿ."

ವಿಜಿ ಸರಿದಳು. ವಿರೂಪಾಕ್ಷಮ್ಮ ಫೋನನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಒಮ್ಮೆ ತಿರುಗಿಸಿಯೂ ನೋಡಿದರು, ಇದೂ ತಲೆಕೆಳಗು ತೋರಿಸುವ ಯಂತ್ರವೇನೋ ಎನ್ನುವ ಹಾಗೆ. ನಾವು ಮೂವರೂ ಅವರ ಭುಜದ ಮೇಲಿನಿಂದ ಇಣುಕಿದೆವು. ಸಮುದ್ರ ನೆಟ್ಟಗೇ ಇತ್ತು.

"ಆಚಿ ದಂಡಿನ ಇಲ್ಲಲ್ಲಾ" ಎಂದರು.

"ಇಲ್ಲತ್ತಿ" ಎಂದಳು ವಿಜಿ ಅಳುತ್ತ. "ಅಪ್ಪಗ ಹೇಳ್ತೀ ಏನ?"

"ನಿಮ್ಮಪ್ಪ ಬರೂ ವರ್ಷ ನಿನ್ನ ಸಮುದ್ರಕ್ಕ ಕರಕೊಂಡು ಹೊಂಟಾನ. ಅವನ ಮುಂದ ಮೊದಲ ಸಲ ನೋಡಿದಂಗ ನೋಡು, ತಿಳೀತಿಲ್ಲೋ?" ಎಂದರು ವಿರೂಪಾಕ್ಷಮ್ಮ. ಕಣ್ಣು ಇನ್ನೂ ನೀರಿನ ಮೇಲೇ ಇತ್ತು. "ನಾನೂ ಬರಾಕಿ, ನಾನರ ಎಲ್ಲಿ ನೋಡೀನಿ. ನಿನಗ ಆಗಲಿಲ್ಲಂದ್ರ ನನ್ನ ಮುಖ ನೋಡಿಕೋತ ಹಂಗ ಮಾಡು."